ಮಗಳ ಮೊದಲ ತುತ್ತು, ಮೊದಲ ಗುಟುಕು

ಮಗುವಿಗೆ ಆರು ತಿಂಗಳು ತುಂಬಿದ ಮೇಲೆ ಬೇಕಾದಷ್ಟು ಕಬ್ಬಿಣಾಂಶ ಎದೆಹಾಲೊಂದರಿಂದಲೇ ಸಿಗುವುದಿಲ್ಲವಾದ್ದರಿಂದ, ಹಾಲಿನ ಜೊತೆಗೆ ಮೇಲಾಹಾರವೂ ಬೇಕು. 2019ರಲ್ಲಿ ಭೌಗೋಳಿಕ ಸೂಚಕ (ಒಂದು ಪ್ರದೇಶದ ವಿಶಿಷ್ಟ ಉತ್ಪನ್ನಕ್ಕೆ ಸಿಗುವ ಅಧಿಕೃತ ಗುರುತು) ಪಡೆದ ತೊಗರಿಬೇಳೆ ನಮ್ಮ ಕಲಬುರಗಿಯ ಮನೆಗಳಲ್ಲಿ ಇರುವಾಗ ಡಬ್ಬಿಯ ಆಹಾರ ಹುಡುಕುವ ಅಗತ್ಯ ನನಗೆ ಕಾಣಲಿಲ್ಲ. ಬೇಳೆ, ಅಕ್ಕಿಯನ್ನು ಮೆತ್ತಗೆ ಬೇಯಿಸಿ, ಉಪ್ಪು ಸಕ್ಕರೆ ಹಾಕದೆ, ನುಣ್ಣಗೆ ಕಿವುಚಿ, ಚಮಚದಿಂದ ಜಾರಿ ಬೀಳದಷ್ಟು ಗಟ್ಟಿಯಾಗಿ ಮಗಳಿಗೆ ತಿನ್ನಿಸುತ್ತೇನೆ. ಬೇಳೆಯ ತಿಳಿನೀರು ಪುಟ್ಟ ಹೊಟ್ಟೆಯನ್ನು ತುಂಬಿಸುತ್ತದೆಯೇ ಹೊರತು ಪೋಷಿಸುವುದಿಲ್ಲ. ಜೇನುತುಪ್ಪ ನೆಕ್ಕಿಸೋಣವೆಂದು ಅತ್ತೆಯವರು ಪ್ರೀತಿಯಿಂದ ಹೇಳಿದಾಗ, ವರ್ಷದೊಳಗಿನ ಮಕ್ಕಳಿಗೆ ಅದರಿಂದ ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದೆಂದು ವಿವರಿಸಿದೆ, ಅವರೂ ಒಪ್ಪಿದರು.

ನೀರು ಕುಡಿಸಲು ಬಾಟಲಿ ಬೇಡ, ಅದರ ನಿಪ್ಪಲ್ಲನ್ನು ಸ್ವಚ್ಛವಾಗಿಡುವುದು ಕಷ್ಟ. ಬದಲಿಗೆ ಕುದಿಸಿ ಆರಿಸಿದ ನೀರನ್ನು ಪುಟ್ಟ ಸ್ಟೀಲ್ ಲೋಟದಲ್ಲಿ ಹಾಕಿ, ಮಗುವನ್ನು ನೆಟ್ಟಗೆ ಕೂರಿಸಿ, ಅಂಚನ್ನು ಕೆಳತುಟಿಗೆ ತಾಗಿಸಿ ಹಿಡಿದರೆ ಸಾಕು. ಬಾಯಿಗೆ ಸುರಿಯಬಾರದು, ಮಗುವೇ ಹೀರಿಕೊಳ್ಳಬೇಕು.