ತೋಟಾ ಕೂತಿತು ಎಂದ ಮಾತ್ರಕ್ಕೆ

ಕಳೆದ ತಿಂಗಳು ಪರಿಚಯಸ್ಥರೊಬ್ಬರು ತಮ್ಮ ತಂದೆಯ ಕಾಲದ ಜೋಡುನಳಿಗೆಯ ಕೋವಿಯೊಂದನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟರು. ಜೊತೆಗೆ ಹೊಸದಾಗಿ ಕೊಂಡ 12 ಬೋರಿನ (ನಳಿಗೆಯ ಅಗಲದ ಒಂದು ವರ್ಗ) ತೋಟಾಗಳ ಒಂದು ಪೆಟ್ಟಿಗೆಯೂ ಇತ್ತು. “ತೋಟಾ ಸರಿಯಾಗಿ ಕೂರುತ್ತದೆ, ಹಾಕಿ ನೋಡಿದ್ದೇನೆ. ಕೋವಿ ಎಲ್ಲಿಯದು, ಎಷ್ಟು ಹಳೆಯದು ಎಂದಷ್ಟೇ ಹೇಳಿದರೆ ಸಾಕು” ಎಂದರು. ನನಗೆ ಭಯ ಹುಟ್ಟಿಸಿದ್ದು ಅವರ ಮೊದಲ ವಾಕ್ಯ. ಹಳೆಯ ಕೋವಿಗಳ ವಿಷಯದಲ್ಲಿ ನಡೆಯುವ ಅವಘಡಗಳಲ್ಲಿ ಬಹಳಷ್ಟಕ್ಕೆ ಈ ‘ಕೂರುತ್ತದೆ’ ಎಂಬ ಮಾತೇ ಮೂಲವಾಗಿರುತ್ತದೆ.

ಯಾವ ಕೋವಿಯೇ ಆಗಲಿ, ಕೈಗೆ ಬಂದ ಕೂಡಲೇ ಅದು ಖಾಲಿಯೇ ಎಂದು ನೋಡುವುದು ಮೊದಲ ಕೆಲಸ. ಮಧ್ಯಕ್ಕೆ ಮುರಿದು ತೆರೆಯುವ ತೋಟಾ ಕೋವಿಯಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯಲ್ಲಿ ಕಾಣುವುದಿಲ್ಲ. ಅಲ್ಲಿ ಗಜವನ್ನು, ಅಂದರೆ ಮದ್ದು ಜಡಿಯುವ ಉದ್ದನೆಯ ಸರಳನ್ನು, ನಳಿಗೆಯೊಳಗೆ ಮೆಲ್ಲನೆ ಇಳಿಸಿ, ಬಾಯಿಯ ಮಟ್ಟಕ್ಕೆ ಬೆರಳಿಟ್ಟು ಗುರುತು ಮಾಡಿಕೊಂಡು, ಹೊರತೆಗೆದು ನಳಿಗೆಯ ಪಕ್ಕಕ್ಕೆ ಹಿಡಿದು ನೋಡಬೇಕು. ಗಜದ ತುದಿ ಕೇಪು ಕೂರುವ ನಿಪ್ಪಲ್‌ನ ಬುಡದವರೆಗೆ ಬಾರದೆ ಎರಡು ಮೂರು ಬೆರಳು ಹಿಂದೆಯೇ ನಿಂತರೆ ಒಳಗೆ ಏನೋ ಇದೆ ಎಂದರ್ಥ. ಕರಿಮದ್ದು ಒಣಗಿದ್ದರೆ ನೂರು ವರ್ಷವಾದರೂ ಸಾಯುವುದಿಲ್ಲ. ಗೋಡೆಯ ಮೇಲೆ ಅಲಂಕಾರಕ್ಕೆಂದು ತೂಗುಹಾಕಿದ ಕೋವಿಗಳು ತುಂಬಿದ ಸ್ಥಿತಿಯಲ್ಲೇ ಸಿಕ್ಕ ಪ್ರಸಂಗಗಳು ಅಪರೂಪವೇನಲ್ಲ.

ನಮ್ಮ ಕೋವಿ ಖಾಲಿಯಿತ್ತು. ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಪ್ರಸಿದ್ಧ ಇಂಗ್ಲಿಷ್ ತಯಾರಕರೊಬ್ಬರ ಹೆಸರನ್ನು ಬಹುತೇಕ ಹೋಲುವ ಹೆಸರೊಂದನ್ನು ಚೆಂದವಾಗಿ ಕೆತ್ತಲಾಗಿತ್ತು. ಒಂದು ಅಕ್ಷರ ಮಾತ್ರ ಬೇರೆ. ಮನೆಯವರೆಲ್ಲ ತಲೆಮಾರುಗಳಿಂದ ಇದನ್ನು ‘ಇಂಗ್ಲೆಂಡಿನ ಕೋವಿ’ ಎಂದೇ ಕರೆಯುತ್ತಾ ಬಂದಿದ್ದರು. ಕೋವಿಯ ಮೇಲ್ಭಾಗದಲ್ಲಿ ಇರುವುದು ಮಾರುವವನ ಮಾತು, ತಳಭಾಗದಲ್ಲಿ ಇರುವುದು ಪರೀಕ್ಷಕನ ಮಾತು ಎಂಬುದು ನನ್ನ ಅನುಭವ. ಹಾಗಾಗಿ ನಳಿಗೆಗಳನ್ನು ಬಿಚ್ಚಿ ಬೋರಲು ಹಾಕಿ, ಹಳೆಯ ಎಣ್ಣೆಯ ಜಿಡ್ಡನ್ನು ಬಟ್ಟೆಯಿಂದ ಒರೆಸಿ, ಪಕ್ಕದಿಂದ ಬೆಳಕು ಬೀಳುವಂತೆ ದೀಪ ಹಿಡಿದು, ಭೂತಗನ್ನಡಿಯಲ್ಲಿ ನೋಡಿದೆ. ಮೊಟ್ಟೆಯಾಕಾರದ ಒಂದು ಗೆರೆಯೊಳಗೆ ಇ, ಎಲ್, ಜಿ ಎಂಬ ಮೂರು ರೋಮನ್ ಅಕ್ಷರಗಳು ಮತ್ತು ಒಂದು ಪುಟ್ಟ ನಕ್ಷತ್ರ. ಗೆರೆಯ ಮೇಲೆ ಕಿರೀಟ. ಇದು ಬೆಲ್ಜಿಯಂನ ಲಿಯೇಜ್ ನಗರದ ಪರೀಕ್ಷಾಲಯದ ಪ್ರೂಫ್ ಮುದ್ರೆ. ಹೆಸರು ಇಂಗ್ಲಿಷ್, ಹುಟ್ಟು ಬೆಲ್ಜಿಯಂ.

ಪ್ರೂಫ್ ಮುದ್ರೆ ಎಂದರೆ, ವಾಡಿಕೆಗಿಂತ ಹೆಚ್ಚಿನ ಮದ್ದು ತುಂಬಿ ಹಾರಿಸಿಯೂ ನಳಿಗೆ ತಡೆದುಕೊಂಡಿದೆ ಎಂದು ಪರೀಕ್ಷಾಲಯ ಒತ್ತಿದ ಗುರುತು. ಆಯಾ ದೇಶಗಳು ಈ ಗುರುತುಗಳನ್ನು ಆಗಾಗ ಬದಲಿಸಿದ್ದರಿಂದಲೇ ಅವು ನಮಗೆ ಪಂಚಾಂಗದಂತೆ ಉಪಯೋಗಕ್ಕೆ ಬರುತ್ತವೆ. ಲಿಯೇಜ್‌ನ ಮುದ್ರೆಗೆ ಕಿರೀಟ ಬಂದದ್ದು 1893ರಲ್ಲಿ. ವರ್ಷವನ್ನು ಸೂಚಿಸುವ ಅಕ್ಷರಗಳನ್ನು ಒತ್ತಲು ತೊಡಗಿದ್ದು 1922ರಲ್ಲಿ. ಈ ಕೋವಿಗೆ ಕಿರೀಟವಿದೆ, ವರ್ಷಾಕ್ಷರವಿಲ್ಲ. ಆದ್ದರಿಂದ ಈ ಎರಡು ಇಸವಿಗಳ ನಡುವಿನದು. ಇಂಗ್ಲೆಂಡಿನ ಕೋವಿಗಳಲ್ಲೂ ಹೀಗೆಯೇ. ಬರ್ಮಿಂಗ್‌ಹ್ಯಾಂನ ಪರೀಕ್ಷಾಲಯ ಸ್ಥಾಪನೆಯಾದದ್ದು 1813ರಲ್ಲಿ. ‘ನಾಟ್ ಫಾರ್ ಬಾಲ್’, ಅಂದರೆ ಒಂಟಿಗುಂಡಿಗಲ್ಲ ಎಂಬ ಮುದ್ರೆ ಕಂಡರೆ ಅದು ಬಾಯಿಯ ಬಳಿ ಕಿರಿದಾಗುವ ಚೋಕ್ ನಳಿಗೆ ಮತ್ತು ಕಾಲ 1875ರಿಂದ 1887ರ ನಡುವೆ. ಜರ್ಮನಿಯಲ್ಲಿ ಪ್ರೂಫ್ ಕಾಯಿದೆ 1891ರಲ್ಲಿ ಆಯಿತು.

ಇಸವಿಯನ್ನು ನೇರವಾಗಿ ಬರೆದಿರುವ ಕೋವಿಗಳೇ ಹೆಚ್ಚು ಮೋಸ ಮಾಡುತ್ತವೆ. ವಿಂಚೆಸ್ಟರ್‌ನ 1873ರ ಮಾದರಿಯ ರೈಫಲ್‌ಗಳ ನಳಿಗೆಯ ಮೇಲೆ 1866 ಮತ್ತು 1860 ಎಂಬ ಇಸವಿಗಳನ್ನು ಓದಿ, ತಮ್ಮದು 1860ರ ರೈಫಲ್ ಎಂದು ವಾದಿಸುವವರನ್ನು ನಾನು ಕಂಡಿದ್ದೇನೆ. ಅವು ಪೇಟೆಂಟ್ ದಿನಾಂಕಗಳು. ಪೇಟೆಂಟ್ ಹೇಳುವುದು ‘ಇದಕ್ಕಿಂತ ಮೊದಲಿನದಲ್ಲ’ ಎಂಬುದನ್ನು ಮಾತ್ರ. ಆ ಮಾದರಿ 20ನೇ ಶತಮಾನದಲ್ಲೂ ತಯಾರಾಗುತ್ತಿತ್ತು. ಇಂಗ್ಲೆಂಡಿನ ಸೇನಾ ಕೋವಿಗಳಲ್ಲಿ ಕಾಣುವ ‘ಟವರ್ 1858’ ಎಂಬ ಬರಹ ಲಾಕ್‌ನ, ಅಂದರೆ ಕುದುರೆ ಬಡಿಯುವ ಯಂತ್ರದ, ತಗಡಿನ ಮೇಲಿದ್ದರೆ ಅದು ಆ ತಗಡಿನ ವಯಸ್ಸು. ನಳಿಗೆ ಬೇರೆ ಕೋವಿಯದ್ದಾಗಿರಬಹುದು. ಚಕಮಕಿ ಕಲ್ಲಿನ ಕೋವಿಯನ್ನು ಕೇಪಿಗೆ ಬದಲಿಸಿದ್ದರಂತೂ ಕೋವಿಗೆ ಎರಡು ವಯಸ್ಸು. ಮದ್ದಿನ ಬಟ್ಟಲನ್ನು ತೆಗೆದ ಜಾಗದಲ್ಲಿ ತಿರುಪಿನ ರಂಧ್ರಗಳನ್ನು ಮುಚ್ಚಿದ ಗುಂಡನೆಯ ಕಲೆಗಳು ಅದನ್ನು ಬಯಲು ಮಾಡುತ್ತವೆ. ಕಾಲನಿರ್ಣಯ ಕೇವಲ ಕುತೂಹಲದ ಮಾತೂ ಅಲ್ಲ: ಅಮೆರಿಕದ ಒಕ್ಕೂಟ ಕಾನೂನು 1898 ಅಥವಾ ಅದಕ್ಕೂ ಮೊದಲು ತಯಾರಾದುದನ್ನು ಪುರಾತನವೆಂದು ಬೇರೆಯಾಗಿ ಪರಿಗಣಿಸುತ್ತದೆ, ಬೇರೆ ದೇಶಗಳ ಗೆರೆಗಳು ಬೇರೆ ಕಡೆ ಇವೆ.

ಇನ್ನು ಮದ್ದಿನ ವಿಚಾರ. ಕರಿಮದ್ದಿಗಿಂತ ಹೆಚ್ಚು ಬಲದ, ಹೊಗೆಯಿಲ್ಲದ ಮದ್ದನ್ನು ಫ್ರಾನ್ಸಿನ ಪಾಲ್ ವಿಯೇ 1884ರಲ್ಲಿ ಸಿದ್ಧಪಡಿಸಿದ. ಅದಕ್ಕೆ ಮೊದಲಿನ ಕೋವಿಗಳೆಲ್ಲ ಕರಿಮದ್ದಿಗಾಗಿಯೇ ಹುಟ್ಟಿದವು; ಆಮೇಲೂ ಹಲವು ವರ್ಷ ಕರಿಮದ್ದಿನ ಕೋವಿಗಳು ತಯಾರಾಗುತ್ತಲೇ ಇದ್ದವು. ಹೀಗಾಗಿ ಇಸವಿಯೊಂದೇ ಸಾಲದು, ಮುದ್ರೆಯೂ ಬೇಕು. ಇಂಗ್ಲೆಂಡಿನ ಹಳೆಯ ಕೋವಿಗಳಲ್ಲಿ ಹೊಗೆಯಿಲ್ಲದ ಮದ್ದಿನ ಪರೀಕ್ಷೆಯಾಗಿದ್ದರೆ ಎನ್, ಪಿ ಅಕ್ಷರಗಳೋ ನೈಟ್ರೊ ಎಂಬ ಪದವೋ ಇರುತ್ತದೆ. ಬೆಲ್ಜಿಯಂನಲ್ಲಿ ಸಿಂಹದ ಕೆಳಗೆ ಪಿ, ವಿ ಅಕ್ಷರಗಳು. ನನ್ನ ಮೇಜಿನ ಮೇಲಿದ್ದ ನಳಿಗೆಗಳಲ್ಲಿ ಸಿಂಹ ಇರಲಿಲ್ಲ. ಎರಡು ಬಾರಿ ಹುಡುಕಿದೆ, ಇರಲಿಲ್ಲ. ಅದೂ ಅಲ್ಲದೆ ಅವು ಡಮಾಸ್ಕಸ್ ನಳಿಗೆಗಳು: ಕಬ್ಬಿಣ ಮತ್ತು ಉಕ್ಕಿನ ಸರಳುಗಳನ್ನು ಹಗ್ಗದಂತೆ ಹುರಿಮಾಡಿ, ಪಟ್ಟಿ ಮಾಡಿ, ಸಲಾಕೆಯೊಂದಕ್ಕೆ ಸುತ್ತಿ, ಕಾಯಿಸಿ ಬಡಿದು ಬೆಸೆದಂಥವು. ಮೈಮೇಲಿನ ಸುರುಳಿ ಚಿತ್ತಾರಕ್ಕೆ ಮನಸೋಲದವರಿಲ್ಲ. ಆದರೆ ಆ ಚಿತ್ತಾರದ ಗೆರೆಗೆರೆಯೂ ಒಂದು ಬೆಸುಗೆ. ಅವುಗಳ ಸಂದಿನಲ್ಲಿ ಸೇರಿದ ತುಕ್ಕು ಹೊರಗಿನಿಂದ ಕಾಣುವುದಿಲ್ಲ.

ಮುಂದಿನದು ಅಳತೆ. ಲಿಯೇಜ್‌ನವರು ನಳಿಗೆಯ ಒಳವ್ಯಾಸವನ್ನು ಮಿಲಿಮೀಟರಿನಲ್ಲಿ ಒತ್ತಿದ್ದರು: 18.2. ಬೋರ್ ಗೇಜನ್ನು ಹಿಂಭಾಗದಿಂದ ಸುಮಾರು ಒಂದು ಗೇಣು ಒಳಗಿಳಿಸಿ ಅಳೆದಾಗ ಬಲ ನಳಿಗೆಯಲ್ಲಿ 18.3, ಎಡ ನಳಿಗೆಯಲ್ಲಿ 18.6 ಬಂತು. ಯಾರೋ ಯಾವಾಗಲೋ ತುಕ್ಕಿನ ಗುಳಿಗಳನ್ನು ಹೋಗಲಾಡಿಸಲು ಎಡ ನಳಿಗೆಯ ಒಳಮೈಯನ್ನು ಉಜ್ಜಿ ಹೊಳಪು ಬರಿಸಿದ್ದಾರೆ. ಪರೀಕ್ಷೆಯಾದ ದಿನ ಇದ್ದ ಲೋಹ ಇಂದು ಅಲ್ಲಿಲ್ಲ. ಅಂದಮೇಲೆ ಮುದ್ರೆ ಉಳಿದಿದ್ದರೂ ಅದು ಕೊಟ್ಟ ಭರವಸೆ ಉಳಿದಿಲ್ಲ. ಫಳಫಳ ಹೊಳೆಯುವ ಹಳೆಯ ನಳಿಗೆಯನ್ನು ಕಂಡರೆ ನನಗೆ ಈಗ ಸಂತೋಷಕ್ಕಿಂತ ಗುಮಾನಿಯೇ ಹೆಚ್ಚು.

ಕೊನೆಗೆ ಆ ಹೊಸ ತೋಟಾ. ಚೇಂಬರಿನ, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗದ, ಉದ್ದ ಅಳೆದರೆ 65 ಮಿ.ಮೀ.; ಪೆಟ್ಟಿಗೆಯ ಮೇಲೆ ಬರೆದಿದ್ದು 70. ಹಾಗಿದ್ದರೂ ತೋಟಾ ಸಲೀಸಾಗಿ ಕೂತದ್ದು ಹೇಗೆ? ಪೆಟ್ಟಿಗೆಯ ಮೇಲಿನ ಅಂಕಿ ಹಾರಿಸಿದ ನಂತರದ ಉದ್ದ. ಹಾರಿಸುವ ಮೊದಲು ತೋಟಾದ ಬಾಯಿಯನ್ನು ಮಡಿಚಿ ಮುಚ್ಚಿರುವುದರಿಂದ ಅದು 60 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಹಾರಿದ ಕ್ಷಣದಲ್ಲಿ ಮಡಿಕೆ ಬಿಚ್ಚಿಕೊಂಡು, ಚೇಂಬರಿನ ಆಚೆ ನಳಿಗೆ ಕಿರಿದಾಗುವ ಜಾಗಕ್ಕೆ ನುಗ್ಗುತ್ತದೆ. ಚರೆ ಹೊರಡುವ ದಾರಿ ಇಕ್ಕಟ್ಟಾಗಿ ಒತ್ತಡ ಏರುತ್ತದೆ. ಹಾಗೆಂದು 65ರ ತೋಟಾ ತಂದರೆ ಮುಗಿಯಿತು ಎನ್ನುವಂತಿಲ್ಲ. ಇಂದಿನ ಯುರೋಪಿನ ಮಾನದಂಡದಲ್ಲಿ 12 ಬೋರಿನ ಸಾಮಾನ್ಯ ತೋಟಾಗಳಿಗೆ 740 ಬಾರ್‌ವರೆಗೆ ಒತ್ತಡದ ಅವಕಾಶವಿದೆ. ಉದ್ದ ಕಡಿಮೆಯಾದರೆ ಒತ್ತಡವೂ ಕಡಿಮೆ ಎಂದೇನಿಲ್ಲ.

ರೈಫಲ್‌ಗಳಲ್ಲಿ ಈ ‘ಕೂರುವ’ ಭ್ರಮೆ ಇನ್ನೂ ಸೂಕ್ಷ್ಮ. ಜರ್ಮನಿಯ 1888ರ ರೈಫಲ್‌ನ ಗುಂಡಿನ ವ್ಯಾಸ 8.08 ಮಿ.ಮೀ.; 1905ರಲ್ಲಿ ಬಂದ ಹೊಸ ತೋಟಾದ ಗುಂಡು 8.20. ಹೆಸರು ಎರಡಕ್ಕೂ ಎಂಟು ಮಿಲಿಮೀಟರ್ ಮೌಸರ್ ಎಂದೇ. ಕಣ್ಣಳತೆಗೆ ಸಿಗದ ಆ 0.12 ಮಿಲಿಮೀಟರಿನ ವ್ಯತ್ಯಾಸಕ್ಕಾಗಿ, ಮೃದುವಾದ ಸೀಸದ ಗುಂಡೊಂದನ್ನು ಖಾಲಿ ನಳಿಗೆಯಲ್ಲಿ ದೂಡಿ ಹೊರತೆಗೆದು ಮೈಕ್ರೋಮೀಟರಿನಲ್ಲಿ ಅಳೆಯಬೇಕಾಗುತ್ತದೆ. ಚೇಂಬರಿಗೆ ಸೆರೋಸೇಫ್ ಎಂಬ ಮಿಶ್ರಲೋಹವನ್ನು ಕರಗಿಸಿ ಹೊಯ್ದು ಅಚ್ಚು ತೆಗೆಯುತ್ತಾರೆ. ಅದು ಕುದಿಯುವ ನೀರಿಗಿಂತ ಕಡಿಮೆ ಬಿಸಿಯಲ್ಲೇ ಕರಗುತ್ತದೆ, ತಣಿದಾಗ ಮೊದಲು ಕುಗ್ಗಿ ಸುಲಭವಾಗಿ ಹೊರಬರುತ್ತದೆ, ಸುಮಾರು ಒಂದು ಗಂಟೆಯ ಹೊತ್ತಿಗೆ ಚೇಂಬರಿನ ನಿಜವಾದ ಅಳತೆಗೆ ಮರಳುತ್ತದೆ. ಕೋವಿಯೊಡನೆ ಸಿಗುವ ಹಳೆಯ ತೋಟಾಗಳನ್ನು ಬುಡದ ಬರಹ ಓದಿಕೊಳ್ಳುವುದಕ್ಕೆ ಮಾತ್ರ ಬಳಸಿ. ಹಿತ್ತಾಳೆ ಬಿರುಕು ಬಿಟ್ಟಿರಬಹುದು, ಮದ್ದು ಕೆಟ್ಟಿರಬಹುದು.

ಪರಿಚಯಸ್ಥರಿಗೆ ಇದೆಲ್ಲ ಒಪ್ಪಿಗೆಯಾಗಲಿಲ್ಲ. “ನಮ್ಮ ತಂದೆಯವರು ಇದರಲ್ಲೇ ಎಷ್ಟೋ ಸಲ ಹಾರಿಸಿದ್ದರಲ್ಲ?” ಎಂದರು. ಹಾರಿಸಿರಬಹುದು, ಯಾವ ತೋಟಾ, ಯಾವ ಮದ್ದು, ಎಡ ನಳಿಗೆಯನ್ನು ಉಜ್ಜಿದ್ದು ಅದಕ್ಕೆ ಮೊದಲೋ ಆಮೇಲೋ ಎಂದು ಕೇಳಿದಾಗ ಅವರಲ್ಲಿ ಉತ್ತರವಿರಲಿಲ್ಲ. ಮರಕ್ಕೆ ಕಟ್ಟಿ ದೂರದಿಂದ ಹಗ್ಗ ಎಳೆದು ಒಮ್ಮೆ ಪರೀಕ್ಷಿಸಿದರೆ ಹೇಗೆ ಎಂದರು. ಅದರಿಂದ ತಿಳಿಯುವುದು ಆ ಒಂದು ಸಲ ಒಡೆಯಲಿಲ್ಲ ಎಂಬುದಷ್ಟೇ. ಬೆಸುಗೆಯಲ್ಲಿ ಆ ಏಟಿಗೇ ಬಿರುಕು ಹುಟ್ಟಿದ್ದರೆ ಮುಂದಿನ ಸಲ ಹಿಡಿದವರ ಎಡಗೈ ನಳಿಗೆಯ ಕೆಳಗೇ ಇರುತ್ತದೆ. ಪರೀಕ್ಷಾಲಯಕ್ಕೆ ಕಳಿಸಿ ಮತ್ತೆ ಪ್ರೂಫ್ ಮಾಡಿಸುವ ದಾರಿ ಇದೆ, ಆದರೆ ಇಷ್ಟು ತೆಳುವಾದ ನಳಿಗೆ ಅಲ್ಲೇ ಒಡೆಯುವ ಸಂಭವ ಹೆಚ್ಚು ಎಂದು ಹೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತೋಟಾಗಳ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡರು.

ನಳಿಗೆಗಳಿಗೆ ಎಣ್ಣೆ ಸವರಿ ಜೋಡಿಸಿ, ಟ್ರಿಗರ್‌ನ ಬಳೆಗೆ ಒಂದು ಚೀಟಿ ಕಟ್ಟಿ ಕೊಟ್ಟೆ: “ಲಿಯೇಜ್, 1893–1922. ಕರಿಮದ್ದಿಗೆ ಮಾತ್ರ ಪರೀಕ್ಷೆಯಾದದ್ದು. ಚೇಂಬರ್ 65. ಎಡ ನಳಿಗೆ ಮುದ್ರೆಗಿಂತ 0.4 ಮಿ.ಮೀ. ದೊಡ್ಡದು. 70ರ ತೋಟಾ ಕೂರುತ್ತದೆ. ಹಾರಿಸಬಾರದು.”