ಕೆಂಬೇರಿಯ ತಲೆಯಲ್ಲಿ ಮಿದುಳು ಹುಡುಕಿದ ವರದಿ

ಈ ಹಂಗಾಮಿನ ಸುದ್ದಿ ಒಂದೇ ಸಾಲಿನದು: ಎರಡು ಕಿಲೋದಷ್ಟು ತೂಗುವ, ಕೆಂಬೇರಿ ಎಂಬ ಕಡಲ ಮೀನೊಂದು ನೀರಿನಿಂದ ಮೇಲೆ ಬಂದ ಒಂದು ನಿಮಿಷದೊಳಗೆ, ಒಂದೇ ಇರಿತಕ್ಕೆ, ಬಾಯಿ ತೆರೆದು, ರೆಕ್ಕೆಗಳನ್ನೆಲ್ಲ ಒಮ್ಮೆ ಸೆಟೆಸಿ, ಮರುಕ್ಷಣ ಸಡಿಲಗೊಂಡು ಸತ್ತಿತು. ಮೀನು ಸತ್ತದ್ದರಲ್ಲಿ ಸಂಭ್ರಮಿಸುವುದೇನಿದೆ ಎಂದು ಗಾಳ ಹಿಡಿಯದವರು ಕೇಳಬಹುದು. ಹಿಡಿದ ಮೀನನ್ನು ತಿನ್ನುವುದೂ ಬೇಕು, ಅದು ನರಳಿ ಸಾಯುವುದೂ ಬೇಡ ಎಂದು ಹಟ ತೊಟ್ಟವರಿಗೆ ಮಾತ್ರ ಈ ಒಂದು ನಿಮಿಷದ ಹಿಂದೆ ಎಷ್ಟು ಪರದಾಟ ಇರುತ್ತದೆ ಎಂಬುದು ಗೊತ್ತು.

ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲೂ ಮಂಡ್ಯದ ಕೆರೆಗಳಲ್ಲೂ ಜಿಲೇಬಿ, ಕಾಟ್ಲಾ ಮೀನು ಹಿಡಿದು ಬೆಳೆದ ನನ್ನಂಥವನಿಗೆ ಕಡಲು ಇನ್ನೂ ಹೊಸದು. ಮೈಸೂರಿನಿಂದ ಹೊರಟು ಹುಣಸೂರು, ಮಡಿಕೇರಿ, ಸಂಪಾಜೆ ಘಾಟಿ, ಸುಳ್ಯ, ಪುತ್ತೂರು ದಾಟಿ ಸುಮಾರು 250 ಕಿಲೋಮೀಟರ್ ಹೋದರೆ ಸಿಗುವ ಕಡಲು ಅದು. ರೀಲು, ಲೀಡರ್, ಗಂಟು, ಉಬ್ಬರವಿಳಿತದ ಲೆಕ್ಕ ಇವನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಇದನ್ನು ಓದುವವರಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ಯಾಂತ್ರಿಕ ದೋಣಿಗಳಿಗಷ್ಟೇ ಅನ್ವಯಿಸಿದರೂ, ದಡದಲ್ಲಿ ನಿಲ್ಲುವ ನಮಗೆ ಮಳೆಗಾಲದ ಕಡಲೇ ಬೇರೆ ಆದೇಶ ಹೊರಡಿಸುವುದರಿಂದ, ಆ ತಿಂಗಳುಗಳೆಲ್ಲ ಮೈಸೂರಿನಲ್ಲಿ ಕುಳಿತು ಉಪಕರಣ ತಯಾರಿಸುವುದಕ್ಕೆ ಮೀಸಲಾದವು.

ಸಮಸ್ಯೆ ಏನೆಂದು ಹೇಳುತ್ತೇನೆ. ದಡದ ಗಾಳದವರಲ್ಲಿ ಹೆಚ್ಚಿನವರು ಹಿಡಿದ ಮೀನನ್ನು ಬಕೆಟ್ಟಿಗೋ ಚೀಲಕ್ಕೋ ಹಾಕಿ ಮುಂದಿನ ಎಸೆತಕ್ಕೆ ತಿರುಗುತ್ತಾರೆ. ಮೀನು ಗಾಳಿಯಲ್ಲಿ ಉಸಿರುಗಟ್ಟಿ ಸಾಯಲು ಎಷ್ಟೋ ನಿಮಿಷ ತೆಗೆದುಕೊಳ್ಳುತ್ತದೆ. ಬದುಕಿರುವುದನ್ನು ನೇರವಾಗಿ ಐಸಿಗೆ ಹಾಕಿದರೆ ಅದು ಬೇಗ ನಿಶ್ಚಲವಾಗುತ್ತದೆಯೇ ಹೊರತು ಪ್ರಜ್ಞೆ ಕೂಡಲೇ ಹೋಗುವುದಿಲ್ಲ. ಕಣ್ಣಿಗೆ ಕಾಣದ ಕಡೆ ಒದ್ದಾಟ ಮುಂದುವರಿಯುತ್ತದೆ, ಅಷ್ಟೇ. ಮೀನಿಗೆ ನೋವು ಎಲ್ಲಿಯದು ಎನ್ನುವವರಿಗೆ 2003ರಲ್ಲಿ ಪ್ರಕಟವಾದ ಲಿನ್ ಸ್ನೆಡನ್ ಮತ್ತು ಸಂಗಡಿಗರ ಪ್ರಯೋಗವನ್ನು ನೆನಪಿಸುತ್ತೇನೆ. ರೇನ್‌ಬೋ ಟ್ರೌಟ್ ಮೀನಿನ ಮುಖದ ಮೇಲೆ ನೋವಿನ ಪ್ರಚೋದನೆಯನ್ನು ಗ್ರಹಿಸುವ ನರತಂತುಗಳಿರುವುದನ್ನು ಅವರು ತೋರಿಸಿದರು. ತುಟಿಗೆ ಜೇನ್ನೊಣದ ವಿಷವನ್ನೋ ಅಸಿಟಿಕ್ ಆಮ್ಲವನ್ನೋ ಚುಚ್ಚಿದಾಗ ಮೀನುಗಳು ಮೇವು ಬಿಟ್ಟು ತೂಗಾಡಿದವು. ಆಮ್ಲ ಚುಚ್ಚಿಸಿಕೊಂಡವು ತೊಟ್ಟಿಯ ಜಲ್ಲಿಗೆ ತುಟಿ ಉಜ್ಜಿಕೊಂಡವು. ಆ ನೋವು ನಮ್ಮ ನೋವಿನಂಥದ್ದೇ ಎಂಬ ಚರ್ಚೆ ಇನ್ನೂ ನಡೆದಿದೆ. ಅದು ಇತ್ಯರ್ಥವಾಗುವವರೆಗೆ ಮೀನನ್ನು ಬಕೆಟ್ಟಿನಲ್ಲಿ ಕಾಯಿಸುವುದು ನನಗೆ ಸರಿ ಕಾಣಲಿಲ್ಲ.

ಪರಿಹಾರ ಜಪಾನಿನವರ ಇಕೆಜಿಮೆ. ಚೂಪಾದ ಕಡ್ಡಿಯಿಂದ ಮಿದುಳನ್ನು ಇರಿದು ಪ್ರಜ್ಞೆ ತಪ್ಪಿಸುವುದು, ಕಿವಿರಿನ ಬಳಿ ಕೊಯ್ದು ರಕ್ತ ಬಸಿಯುವುದು, ಬೆನ್ನುಹುರಿಯ ಕೊಳವೆಯಲ್ಲಿ ತಂತಿ ಹಾಯಿಸುವುದು, ಆಮೇಲೆ ಐಸು. ಬರೆಯುವುದಕ್ಕೆ ಸುಲಭ. ಮಾಡುವುದಕ್ಕೆ ಮೊದಲು ಮಿದುಳು ಎಲ್ಲಿದೆ ಎಂದು ಗೊತ್ತಿರಬೇಕು, ಮತ್ತು ಇಡೀ ತೊಡಕು ಅಲ್ಲೇ ಇದೆ. ಸಿಗುವ ಚಿತ್ರಗಳೆಲ್ಲ ಜಪಾನಿನ ಬ್ರೀಮ್ ಮೀನಿನವು. ನೆತ್ತಿಯ ಮೇಲೊಂದು ಕೆಂಪು ಚುಕ್ಕೆ ಇಟ್ಟು ಇಲ್ಲಿ ಚುಚ್ಚಿ ಎನ್ನುತ್ತವೆ. ಆ ಚುಕ್ಕೆಯನ್ನು ನಂಬಿ ಕೆಂಬೇರಿಯ ನೆತ್ತಿಗೆ ಕಡ್ಡಿ ಇಟ್ಟರೆ ಅದು ಪಕ್ಕಕ್ಕೆ ಜಾರುತ್ತದೆ. ಇನ್ನೂ ಒತ್ತಿದರೆ ಮಾಂಸದೊಳಗೆ ಹೋಗುತ್ತದೆ. ಮೀನು ಸಾಯುವುದೂ ಇಲ್ಲ, ಸುಮ್ಮನಿರುವುದೂ ಇಲ್ಲ. ಅದನ್ನು ತಪ್ಪಿಸಲು ಕೆಲವು ಕಾಲ ನಾನು ತಲೆಗೆ ಬಲವಾಗಿ ಹೊಡೆದು ಪ್ರಜ್ಞೆ ತಪ್ಪಿಸುವುದನ್ನೇ ಅವಲಂಬಿಸಿದೆ. ಕಾಣೆ, ಬಂಗುಡೆಯಂಥ ಸಣ್ಣ ಮೀನಿಗೆ ಇಂದಿಗೂ ಅದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಬಂಗುಡೆಯ ಕತ್ತನ್ನು ಹಿಂದಕ್ಕೆ ಮುರಿಯುವ ರೂಢಿ ಹಲವೆಡೆ ಇದೆ, ರಕ್ತವೂ ಚೆನ್ನಾಗಿ ಬಸಿಯುತ್ತದೆ. ಆದರೆ ಬೆನ್ನುಹುರಿ ತುಂಡಾದ ಮಾತ್ರಕ್ಕೆ ಮಿದುಳು ಆ ಕ್ಷಣವೇ ನಿಲ್ಲುವುದಿಲ್ಲವಾದ್ದರಿಂದ, ಏಟು ಮೊದಲು, ಮುರಿತ ಆಮೇಲೆ. ದೊಡ್ಡ ಕೆಂಬೇರಿಗೆ, ಪಾಚಿ ಹಿಡಿದ ಕಲ್ಲಿನ ಮೇಲೆ, ಒಂದು ಕೈಯಲ್ಲಿ ಮೀನು ಹಿಡಿದು ಇನ್ನೊಂದರಲ್ಲಿ ಹೊಡೆಯುವುದು ಮೀನಿಗೂ ಕ್ಷೇಮವಲ್ಲ, ನಮ್ಮ ಹೆಬ್ಬೆರಳಿಗೂ ಅಲ್ಲ.

ಹೀಗಾಗಿ ಶೋಧನೆ ಮೈಸೂರಿನ ಮೀನು ಮಾರುಕಟ್ಟೆಗೆ ಬಂತು. ಮಂಗಳೂರಿನಿಂದ ರಾತ್ರೋರಾತ್ರಿ ಐಸಿನಲ್ಲಿ ಬರುವ ಮೀನಿನಲ್ಲಿ ಕೆಂಬೇರಿಯೂ ಇರುತ್ತದೆ. "ಏನ್ ಸಾರ್, ಮೈ ಬೇಡ್ವಾ, ಬರೀ ತಲೆನಾ?" ಎಂದು ಕೇಳಿದ ಅಂಗಡಿಯಾತ, ನಾನು ಆ ತಲೆಯನ್ನು ನಡುವೆ ಸರಿಯಾಗಿ ಎರಡು ಹೋಳು ಮಾಡಿಕೊಡು ಎಂದಾಗ ಸಾರಿಗೆ ಎಂದುಕೊಂಡ, ಹೋಳನ್ನು ಅಲ್ಲೇ ಬೆಳಕಿಗೆ ಹಿಡಿದು ಸ್ಕೇಲಿನಿಂದ ಅಳೆಯತೊಡಗಿದಾಗ ಪಕ್ಕದ ಅಂಗಡಿಯವರನ್ನೂ ಕರೆದ. ಕೆಂಬೇರಿಯ ತಲೆಗೆ ಸಾರಿನ ಬೇಡಿಕೆ ಇರುವುದರಿಂದ ಸಂಶೋಧನೆಗೆ ರಿಯಾಯಿತಿ ದೊರೆಯಲಿಲ್ಲ ಎಂಬುದನ್ನು ದಾಖಲಿಸುತ್ತೇನೆ. ಅಳತೆ ಮುಗಿದ ತಲೆಗಳೆಲ್ಲ ಮನೆಯ ಸಾರಿಗೇ ಹೋದವು.

ಹೋಳು ಮಾಡಿ ನೋಡಿದ ಮೇಲೆ ವಿಷಯ ಸ್ಪಷ್ಟವಾಯಿತು. ಅಷ್ಟು ದೊಡ್ಡ ತಲೆಯೊಳಗೆ ಮಿದುಳು ಅವರೆಕಾಳಿನಷ್ಟು ಇರುತ್ತದೆ. ಅದರ ಮೇಲೆ, ನೆತ್ತಿಯ ನಡುಗೆರೆಯಲ್ಲಿ, ಹಿಂದಕ್ಕೆ ಏರುತ್ತ ಹೋಗುವ ಚಪ್ಪಟೆ ಎಲುಬಿನ ದಿಣ್ಣೆಯೊಂದಿದೆ. ಮೇಲಿನಿಂದ ಇಳಿಸಿದ ಕಡ್ಡಿ ಈ ದಿಣ್ಣೆಗೆ ತಾಗಿ ಎಡಕ್ಕೋ ಬಲಕ್ಕೋ ಜಾರುತ್ತದೆ; ಜಪಾನಿನ ಕೆಂಪು ಚುಕ್ಕೆ ನನಗೆ ಮಾಡಿದ ಮೋಸ ಇದು. ಪಕ್ಕದಿಂದ ನೋಡಿದರೆ ಮಿದುಳು ಕಣ್ಣಿನ ಹಿಂದೆ, ಕಣ್ಣಿನ ನಡುಮಟ್ಟಕ್ಕಿಂತ ತುಸು ಮೇಲಿದೆ. ಮೈಮೇಲಿನ ಪಾರ್ಶ್ವರೇಖೆಯನ್ನು ಅದರ ಮುಂಭಾಗದ ಓಟದಲ್ಲೇ ಕಣ್ಣಿನ ಕಡೆಗೆ ಮನಸ್ಸಿನಲ್ಲಿ ಎಳೆದುಕೊಂಡರೆ ದಾರಿ ಹೆಚ್ಚುಕಡಿಮೆ ಸಿಗುತ್ತದೆ. ಆ ಬದಿಯಲ್ಲಿ ಕಪಾಲದ ಗೋಡೆಯೂ ತೆಳು. ಕಡ್ಡಿಯನ್ನು ಕಣ್ಣಿನ ಹಿಂದಿನ ಮೆತ್ತನೆಯ ಜಾಗದಲ್ಲಿ ಇಟ್ಟು, ತಲೆಯ ನಡುಗೆರೆಯತ್ತ, ತುಸು ಮುಂದಕ್ಕೆ ಓರೆಯಾಗಿ ಒತ್ತಿದರೆ ಒಂದು ಸಣ್ಣ ಕಿರ್ ಸದ್ದಿನೊಡನೆ ಒಳಗೆ ಇಳಿಯುತ್ತದೆ. ಸತ್ತ ತಲೆಗಳ ಮೇಲೆ ಕೈಗೆ ಈ ಅಂದಾಜು ಕೂಡುವವರೆಗೆ ಬದುಕಿದ ಮೀನಿನ ಮೇಲೆ ಪ್ರಯೋಗ ಬೇಡವೆಂದು ನಿರ್ಧರಿಸಿ, ಆ ಅವಧಿಯಲ್ಲಿ ಸಿಕ್ಕ ದೊಡ್ಡ ಕೆಂಬೇರಿಗಳನ್ನೆಲ್ಲ ವಾಪಸ್ ಬಿಟ್ಟೆ. ಜೊತೆಗಿದ್ದ ಉಳ್ಳಾಲದ ಹಿರಿಯರು ಇದನ್ನು ನೋಡಿ, "ನಿಮ್ಮ ತಲೆ ಯಾರಾದ್ರೂ ಸೀಳಿ ನೋಡ್ಬೇಕು ಮಾರಾಯ್ರೆ" ಎಂದರು.

ಇನ್ನು ಕಡ್ಡಿಯ ಪುರಾಣ. ಆನ್‌ಲೈನಿನಲ್ಲಿ ತರಿಸಿದ ಮೊದಲನೆಯ ಕಡ್ಡಿಯ ಮೇಲೆ ತುಕ್ಕು ಹಿಡಿಯದ ಉಕ್ಕು ಎಂದು ಅಚ್ಚಾಗಿತ್ತು. ಉಪ್ಪುನೀರು ಕಂಡ ಮಾರನೆಯ ದಿನವೇ ಅಚ್ಚನ್ನೂ ಸೇರಿಸಿ ಕೆಂಪಾಯಿತು. ಮಾರಿದವರಿಗೆ ಬರೆದರೆ, ಬಳಸಿದ ಮೇಲೆ ಒರೆಸಬೇಕಿತ್ತು ಎಂಬ ಉತ್ತರ ಬಂತು. ಕಡಲಿಗಾಗಿಯೇ ಮಾರುವ ವಸ್ತುವನ್ನು ಕಡಲಿಗೆ ಒಯ್ಯಬಾರದಿತ್ತೆಂದು ನನಗೆ ಹೊಳೆಯಲಿಲ್ಲ. ಬೇರೊಬ್ಬರು ಕಳಿಸಿದ ಎರಡನೆಯದರ ಮೊನೆ ಸತ್ತ ತಲೆಯ ಎಲುಬಿಗೇ ಬಾಗಿತು. ಕಡೆಗೆ ಹೆಬ್ಬಾಳ ಕೈಗಾರಿಕಾ ಪ್ರದೇಶದ ಲೇತ್ ಅಂಗಡಿಯೊಂದರಲ್ಲಿ 316 ದರ್ಜೆಯ ತುಕ್ಕು ಹಿಡಿಯದ ಉಕ್ಕಿನ ನಾಲ್ಕು ಮಿಲಿಮೀಟರ್ ಸರಳಿನಿಂದ ಹೊಸದನ್ನು ಮಾಡಿಸಿದೆ. ಸಾಮಾನ್ಯವಾದ 304 ದರ್ಜೆಗೂ 316ಕ್ಕೂ ವ್ಯತ್ಯಾಸ ಮುಖ್ಯವಾಗಿ ಮಾಲಿಬ್ಡಿನಂ. ಕ್ಲೋರೈಡು ಕೊರೆಯುವ ಗುಳಿಗಳನ್ನು ತಡೆಯುವುದು ಅದೇ. ಮೊನೆಯನ್ನು ದುಂಡಾಗಿ ಮಾಡಿಸದೆ ಮೂರು ಮುಖ ಇಡಿಸಿದ್ದು ಈ ಯೋಜನೆಯ ಅತ್ಯುತ್ತಮ ನಿರ್ಧಾರ. ದುಂಡು ಮೊನೆ ಹುರುಪೆಯ ಮೇಲೆ ಜಾರುವಲ್ಲಿ ಮುಮ್ಮುಖದ ಮೊನೆ ಕಚ್ಚಿ ಹಿಡಿಯುತ್ತದೆ. ಸಣ್ಣ ಮೀನಿಗೆ ಹೊಡೆಯುವ ದೊಣ್ಣೆಯನ್ನು ಬೀಟೆ ಮರದ ತುಂಡಿನಿಂದ ಮಾಡಿಕೊಂಡಿದ್ದೇನೆ. ನಮ್ಮೂರಿನ ಕೆತ್ತು ಚಿತ್ತಾರದ ಕುಶಲಕರ್ಮಿಯೊಬ್ಬರು ಉಳಿಕೆ ತುಂಡು ಕೊಡುತ್ತ ಯಾವ ಚಿತ್ತಾರಕ್ಕೆಂದು ಕೇಳಿದರು. ಉತ್ತರ ಕೇಳಿದ ಮೇಲೆ ಕಾಸು ತೆಗೆದುಕೊಳ್ಳಲಿಲ್ಲ, ಮತ್ತೆ ಬನ್ನಿ ಎಂದೂ ಹೇಳಲಿಲ್ಲ.

ಮೀನನ್ನು ಅಲುಗದಂತೆ ಹಿಡಿಯುವ ಪ್ರಶ್ನೆ ಉಳಿದಿತ್ತು. ಆರು ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿದ ದೋಣಿಯಲ್ಲಿ ಒದ್ದೆ ಬಟ್ಟೆ ಹಾಸಿ, ಮೀನನ್ನು ಅದರಲ್ಲಿ ಮಲಗಿಸಿ, ಬಟ್ಟೆಯ ಅಂಚಿನಿಂದ ಕಣ್ಣು ಮುಚ್ಚುತ್ತೇನೆ. ಕಣ್ಣಿಗೆ ಕತ್ತಲಾದ ಕೂಡಲೇ ಮೀನಿನ ಒದ್ದಾಟ ಗಮನಾರ್ಹವಾಗಿ ತಗ್ಗುತ್ತದೆ. ಇರಿತ ಸರಿಯಾಗಿ ಬಿದ್ದಿದೆಯೇ ಎಂದು ತಿಳಿಯುವುದಕ್ಕೆ ಬಟ್ಟೆ ಸರಿಸಿ ಮೀನನ್ನು ಮೆಲ್ಲನೆ ಮಗ್ಗುಲಿಗೆ ಹೊರಳಿಸಬೇಕು. ಪ್ರಜ್ಞೆಯುಳ್ಳ ಮೀನಿನ ಕಣ್ಣುಗುಡ್ಡೆ ನೀರಿನ ಮಟ್ಟಕ್ಕೆ ಸರಿಹೊಂದಲು ತಿರುಗುತ್ತದೆ. ಮಿದುಳು ನಿಂತಿದ್ದರೆ ಕಣ್ಣು ತಲೆಯೊಂದಿಗೇ ಸ್ಥಿರವಾಗಿ ಹೊರಳುತ್ತದೆ. ಕಿವಿರಿನ ಮುಚ್ಚಳದ ಲಯಬದ್ಧ ಬಡಿತವೂ ನಿಂತಿರಬೇಕು. ಬಾಲ ಅದುರಿದರೆ ಗಾಬರಿ ಬೇಡ, ಅದು ಬೆನ್ನುಹುರಿಯ ಪ್ರತಿಕ್ರಿಯೆ. ತಂತಿ ಹಾಯಿಸಿದರೆ ಅದೂ ಶಾಂತವಾಗುತ್ತದೆ. ಮೊದಲ ಸಾಲಿನಲ್ಲಿ ಹೇಳಿದ ಕೆಂಬೇರಿ ಈ ಪರೀಕ್ಷೆಗಳೆಲ್ಲದರಲ್ಲೂ ತೇರ್ಗಡೆಯಾಯಿತು. ಆಮೇಲೆ ಕಿವಿರಿನ ಬಳಿ ಕೊಯ್ದು ಕಡಲ ನೀರಿನಲ್ಲಿ ರಕ್ತ ಬಸಿದು, ಕಡಲ ನೀರು ಮತ್ತು ಪುಡಿ ಐಸು ಕಲಸಿದ ಪೆಟ್ಟಿಗೆಗೆ ಇಳಿಸಿದೆ. ಉಪ್ಪಿನಿಂದಾಗಿ ಆ ಕಲಸು ಸೊನ್ನೆ ಡಿಗ್ರಿಗಿಂತ ತುಸು ಕೆಳಗೇ ಇರುತ್ತದೆ.

ಕರುಣೆಯ ಮಾತಿಗೆ ಕಿವಿಗೊಡದವರೂ ರುಚಿಯ ಮಾತಿಗೆ ಹತ್ತಿರ ಬರುತ್ತಾರೆಂಬುದನ್ನು ಈ ಹಂಗಾಮಿನಲ್ಲಿ ಕಂಡೆ. ಒದ್ದಾಡುವ ಮೀನಿನ ಸ್ನಾಯುಗಳಲ್ಲಿ ಶಕ್ತಿ ಒದಗಿಸುವ ಎಟಿಪಿ ಖರ್ಚಾಗಿ ಲ್ಯಾಕ್ಟಿಕ್ ಆಮ್ಲ ಕೂಡಿಕೊಳ್ಳುತ್ತದೆ, ಮೈ ಬೇಗ ಸೆಟೆಯುತ್ತದೆ. ಥಟ್ಟನೆ ಸತ್ತ ಮೀನಿನಲ್ಲಿ ಉಳಿದ ಎಟಿಪಿ ನಿಧಾನವಾಗಿ ಇನೊಸಿನೇಟ್ ಆಗಿ ಒಡೆಯುತ್ತದೆ. ಮೀನಿನ ಸಾರಿಗೆ ರುಚಿಯ ಆಳ ಕೊಡುವ ಪದಾರ್ಥಗಳಲ್ಲಿ ಅದು ಪ್ರಮುಖವಾದುದು. ಆ ಕೆಂಬೇರಿ ಘಾಟಿ ಹತ್ತಿ ಮೈಸೂರು ಸೇರುವಾಗಲೂ ಮೈ ಬಾಗುತ್ತಿತ್ತು. "ಆಪರೇಷನ್" ಎಂದು ನಗುತ್ತಿದ್ದ ಉಳ್ಳಾಲದ ಹಿರಿಯರು ಮರುವಾರ ಫೋನು ಮಾಡಿ, ಕಡ್ಡಿಗೆ ಲೇತಿನವರು ಎಷ್ಟು ತೆಗೆದುಕೊಂಡರೆಂದು ವಿಚಾರಿಸಿದರು.

ಕೊಲ್ಲುವುದರಷ್ಟೇ ಬಿಡುವುದಕ್ಕೂ ತಯಾರಿ ಬೇಕು. ಅಳಿವೆಯಲ್ಲಿ ಸಿಗುವ ಕೆಂಬೇರಿಗಳಲ್ಲಿ ಬಹುಪಾಲು ಮರಿಗಳು. ಅವು ಬೆಳೆದ ಮೇಲೆ ಹೊರಗಡಲಿಗೆ ಹೋಗಿ ಮೊಟ್ಟೆಯಿಡುತ್ತವೆ, ದಶಕಗಳ ಕಾಲ ಬದುಕಬಲ್ಲವು. ಊಟಕ್ಕೊಂದು ಸಾಕು, ಉಳಿದದ್ದು ನೀರಿಗೆ ಎಂಬುದು ನನ್ನ ಲೆಕ್ಕ. ಜೀವಂತ ಸಿಗಡಿ ಪೋಣಿಸುವಾಗ ಮೊನೆ ಒಳಕ್ಕೆ ಬಾಗಿದ ಸರ್ಕಲ್ ಹುಕ್ಕನ್ನೇ ಬಳಸುತ್ತೇನೆ, ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿರುತ್ತೇನೆ. ಕೆರೆಯ ಅಭ್ಯಾಸದಲ್ಲಿ ಕೈ ರಾಡನ್ನು ಝಾಡಿಸಿ ಎಳೆಯಲು ಹೊರಡುತ್ತದೆ. ಸರ್ಕಲ್ ಹುಕ್ಕಿಗೆ ಅದು ಕೂಡದು, ದಾರ ಬಿಗಿಯಾಗುವವರೆಗೆ ಸುತ್ತುತ್ತ ಹೋದರೆ ಅದು ತಾನಾಗಿ ಬಾಯಿಯ ಮೂಲೆಗೆ ಕೂರುತ್ತದೆ, ಗಂಟಲಿಗೆ ಇಳಿಯುವುದು ಅಪರೂಪ. ಬರಿಗೈ ಒದ್ದೆ ಮಾಡಿಕೊಳ್ಳದೆ ಮುಟ್ಟಿದರೆ ಮೈಯ ಲೋಳೆ ಕಿತ್ತುಬಂದು ಮೀನು ಸೋಂಕಿಗೆ ಗುರಿಯಾಗುತ್ತದೆ. ತೇಡೆ ಮೀನು ಬಂದರಂತೂ ಕೈಯನ್ನೇ ತರಬಾರದು: ಅದರ ಬೆನ್ನಿನ ಮತ್ತು ಎದೆಯ ಮುಳ್ಳುಗಳಲ್ಲಿ ವಿಷವಿದೆ, ಚುಚ್ಚಿದರೆ ತಾಳಬಹುದಾದಷ್ಟು ಬಿಸಿ ನೀರಿನಲ್ಲಿ ಅದ್ದಿಡುವುದು ಪ್ರಥಮ ಚಿಕಿತ್ಸೆ. ಅದರ ತಲೆ ಎಲುಬಿನ ಶಿರಸ್ತ್ರಾಣವೇ ಆಗಿರುವುದರಿಂದ ನನ್ನ ಕಡ್ಡಿಯ ಆಟ ಅಲ್ಲಿ ನಡೆಯದು. ಉದ್ದ ಕೈಯ ಹುಕ್ ಬಿಡಿಸುಗದಿಂದ ನೀರಿನಲ್ಲೇ ಬಿಟ್ಟುಬಿಡುತ್ತೇನೆ.

ಬಿಡುವ ವಿದ್ಯೆ ಕಾವೇರಿ ಸೀಮೆಗೆ ಹೊಸದಲ್ಲ. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ 120 ಪೌಂಡಿನ ಮಹಶೀರ್ ಹಿಡಿದದ್ದು ನಮ್ಮ ಗಾಳದವರ ಬಾಯಲ್ಲಿ ಇಂದಿಗೂ ಇದೆ. ಮುಂದೆ ಭೀಮೇಶ್ವರಿಯಲ್ಲಿ ರಾಗಿ ಮುದ್ದೆಯ ಎರೆಗೆ ಬಂದ ಮಹಶೀರನ್ನು ತೂಗಿ ಮತ್ತೆ ಹೊಳೆಗೆ ಬಿಡುವ ಪದ್ಧತಿ ಬೆಳೆಯಿತು. ಆ ದಿಬ್ಬ ಬೆನ್ನಿನ ಮಹಶೀರಿಗೆ ಟಾರ್ ರೆಮದೇವಿಯೈ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಅಷ್ಟರಲ್ಲಿ ಅದು ಅಳಿವಿನ ತೀವ್ರ ಅಂಚಿಗೆ ಬಂದಾಗಿತ್ತು.

ಮುಂದಿನ ಯೋಜನೆ ಸೀಸದ ಗುಂಡುಗಳನ್ನು ಕೈಬಿಡುವುದು. ತಡೆಗೋಡೆಯ ಕಲ್ಲುಗಳ ಸಂದಿನಲ್ಲಿ ಪ್ರತಿ ಸಲ ಕಳೆದುಕೊಳ್ಳುವ ಸೀಸವೆಲ್ಲ ಅಲ್ಲೇ ಉಳಿಯುವ ವಿಷ. ಲೆಕ್ಕ ಹಾಕಿ ನೋಡಿದೆ: ಕಡಲ ನೀರಿನಲ್ಲಿ 100 ಗ್ರಾಂ ಸೀಸದಷ್ಟು ಭಾರ ಕೊಡಬೇಕಾದರೆ ಉಕ್ಕು 105 ಗ್ರಾಂ, ಗ್ರಾನೈಟು 147 ಗ್ರಾಂ ಬೇಕು. ಉಕ್ಕಿನ ನಟ್ಟುಗಳು ಗುಜರಿಯಲ್ಲಿ ಅಗ್ಗ. ಕಲ್ಲಿಗೆ ತೂತು ಕೊರೆಯುವವರು ಮಾತ್ರ ಒಂದು ತೂತಿಗೆ ಹೇಳಿದ ದರದಲ್ಲಿ ಒಂದು ಕೆಂಬೇರಿ ತಲೆಯೇ ಬರುತ್ತದೆ.

ಅದಕ್ಕೂ ಮೊದಲು ಕೊಡ್ಡಾಯಿ ಮೀನಿನ ಲೆಕ್ಕ ಚುಕ್ತಾ ಆಗಬೇಕಿದೆ. ಕೆಂಬೇರಿಗೆ ಕೂಡಿಬಂದ ಓರೆ ಇದಕ್ಕೆ ಒಗ್ಗುತ್ತಿಲ್ಲ. ಮಾರುಕಟ್ಟೆಯ ತಲೆಯನ್ನು ಸೀಳಿದಾಗ ಕಾರಣ ಕಂಡಿತು: ಈ ಜಾತಿಯ ಮೀನುಗಳ ಕಿವಿಗಲ್ಲುಗಳು (ಒಳಗಿವಿಯ ಸುಣ್ಣದ ಹರಳುಗಳು) ವಿಪರೀತ ದೊಡ್ಡವು, ಮಿದುಳಿನ ಹಿಂಭಾಗಕ್ಕೆ ಅಂಟಿಕೊಂಡಂತೆಯೇ ಕೂತಿರುತ್ತವೆ, ಕಡ್ಡಿಯ ಮೊನೆ ನೇರ ಹೋಗಿ ಆ ಬಿಳಿಕಲ್ಲಿಗೆ ಬಡಿದು ಸರಿಯುತ್ತದೆ. ಇನ್ನಷ್ಟು ಮುಂದಿನಿಂದ, ಕಣ್ಣಿಗೆ ಹತ್ತಿರದಲ್ಲಿ ಇರಿಯಬೇಕೆಂದು ನನ್ನ ಊಹೆ. ಕೊಡ್ಡಾಯಿಯ ತಲೆ ಸೀಳಿ ಅಳೆದವರು ಯಾರಾದರೂ ಇದ್ದರೆ ಕಣ್ಣಿನ ಹಿಂದಂಚಿನಿಂದ ಎಷ್ಟು ಮಿಲಿಮೀಟರ್ ಎಂಬುದನ್ನು, ಮೀನಿನ ಉದ್ದದೊಂದಿಗೆ, ದಯವಿಟ್ಟು ತಿಳಿಸಿ. ಅಲ್ಲಿಯವರೆಗೆ ಕೊಡ್ಡಾಯಿಗೆ ಬೀಟೆಯ ದೊಣ್ಣೆಯೇ ಗತಿ.