‘ತಪ್ಪಾಯ್ತು’ ಅಲ್ಲ, ‘ತಪ್ಪು ಮಾಡಿದೆ’

ಕನ್ನಡದಲ್ಲಿ ತಪ್ಪೊಪ್ಪಿಕೊಳ್ಳುವಾಗ ನಮ್ಮ ಬಾಯಿಗೆ ಮೊದಲು ಬರುವ ಮಾತು ‘ತಪ್ಪಾಯ್ತು’. ಲೋಟ ಒಡೆದುಹೋಯ್ತು, ಮಾತು ಬಾಯಿಗೆ ಬಂದುಬಿಡ್ತು, ದುಡ್ಡು ಖರ್ಚಾಗಿಹೋಯ್ತು. ನಡೆದದ್ದೆಲ್ಲ ವಾಕ್ಯದಲ್ಲಿದೆ, ಮಾಡಿದವನು ಮಾತ್ರ ಇಲ್ಲ. ದಿನಬಳಕೆಗೆ ಇದು ನಯವಾದ ಮಾತೇ. ಆದರೆ ಪ್ರಾರ್ಥನೆಗೆ ಮೊಣಕಾಲೂರಿದಾಗಲೂ ಇದೇ ವ್ಯಾಕರಣ ನಮ್ಮ ಜೊತೆ ಬರುತ್ತದೆ. ನಮ್ಮ ಪಶ್ಚಾತ್ತಾಪ ಎಡವುವುದು ಅಲ್ಲೇ.

ಬೈಬಲ್ಲಿನಲ್ಲಿ ಮೋಶೆಯ ಅಣ್ಣ ಆರೋನನ ಮಾತನ್ನೇ ನೋಡಿ. ವಿಮೋಚನಕಾಂಡ 32ನೇ ಅಧ್ಯಾಯದ 4ನೇ ವಚನದಲ್ಲಿ ಅವನು ಜನರ ಕಿವಿಯ ಚಿನ್ನವನ್ನು ಕೈಯಲ್ಲಿ ತೆಗೆದುಕೊಂಡು, ಉಪಕರಣ ಹಿಡಿದು, ಪೂಜೆಗೆಂದು ಕರುವಿನ ರೂಪ ಕೊಡುತ್ತಾನೆ. 24ನೇ ವಚನದಲ್ಲಿ ಮೋಶೆ ಕೇಳಿದಾಗ ಉತ್ತರ ಹೀಗಿದೆ: ಅವರು ಚಿನ್ನ ಕೊಟ್ಟರು, ನಾನು ಬೆಂಕಿಗೆ ಹಾಕಿದೆ, ಈ ಕರು ಹೊರಗೆ ಬಂತು. ಇಪ್ಪತ್ತು ವಚನ ದಾಟುವಷ್ಟರಲ್ಲಿ ಕೈಯೂ ಇಲ್ಲ, ಉಪಕರಣವೂ ಇಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಅರಸ ಸೌಲನದು. 1 ಸಮುವೇಲ 15ನೇ ಅಧ್ಯಾಯವನ್ನು ಆತ್ಮಪರಿಶೋಧನೆಗೆ ಕೂರುವ ಪ್ರತಿಯೊಬ್ಬರೂ ನಿಧಾನವಾಗಿ ಓದಬೇಕು. ಯುದ್ಧದಲ್ಲಿ ಸೋಲಿಸಿದ ಅಮಾಲೇಕ್ಯರಿಂದ ಏನನ್ನೂ ಉಳಿಸಿಕೊಳ್ಳಬಾರದೆಂಬ ದೇವರ ಆಜ್ಞೆ ಮೀರಿ ಅವನು ಒಳ್ಳೊಳ್ಳೆಯ ದನಕುರಿಗಳನ್ನು ಉಳಿಸಿಕೊಂಡಿದ್ದಾನೆ. ಮೊದಲು ‘ಆಜ್ಞೆ ನೆರವೇರಿಸಿದ್ದೇನೆ’ ಅನ್ನುತ್ತಾನೆ. ಕುರಿಗಳ ಕೂಗು ಏನೆಂದು ಪ್ರವಾದಿ ಸಮುವೇಲ ಕೇಳಿದಾಗ, ಉಳಿಸಿದ್ದು ಜನರು, ಅದೂ ದೇವರಿಗೆ ಯಜ್ಞ ಮಾಡಲು ಅನ್ನುತ್ತಾನೆ. 24ನೇ ವಚನದಲ್ಲಿ ಕೊನೆಗೂ ‘ಪಾಪಮಾಡಿದ್ದೇನೆ’ ಎಂಬ ಮಾತು ಬರುತ್ತದೆ, ಅದರ ಬೆನ್ನಿಗೇ ‘ಜನರಿಗೆ ಹೆದರಿದೆ’ ಎಂಬ ಕಾರಣವೂ ಬರುತ್ತದೆ. 30ನೇ ವಚನದಲ್ಲಿ ಇನ್ನೊಮ್ಮೆ ‘ಪಾಪಮಾಡಿದ್ದೇನೆ’ ಅಂದವನು, ಹಿರಿಯರ ಮುಂದೆ ನನ್ನ ಮರ್ಯಾದೆ ಉಳಿಸು ಎಂದು ಬೇಡುತ್ತಾನೆ. ಶಬ್ದ ಸರಿಯಾಗಿದೆ, ಚಿಂತೆ ಮಾತ್ರ ಮರ್ಯಾದೆಯದು. ಸೌಲನ ನಂತರ ಅರಸನಾದ ದಾವೀದ, ಬತ್ಷೆಬೆಯನ್ನು ತನ್ನವಳಾಗಿಸಿಕೊಳ್ಳಲು ಅವಳ ಗಂಡನನ್ನು ಕೊಲ್ಲಿಸಿದ ಮೇಲೆ, ಪ್ರವಾದಿ ನಾತಾನನ ಮುಂದೆ ಹೇಳಿದ್ದು ಹೀಬ್ರೂವಿನಲ್ಲಿ ಎರಡೇ ಪದ: ಕರ್ತನಿಗೆ ವಿರುದ್ಧವಾಗಿ ಪಾಪಮಾಡಿದ್ದೇನೆ. ಬತ್ಷೆಬೆಯ ಹೆಸರಿಲ್ಲ, ಯುದ್ಧದ ಒತ್ತಡದ ಮಾತಿಲ್ಲ, ‘ಆದರೆ’ ಇಲ್ಲ. ದಾವೀದನ ಪಾಪ ಸೌಲನದಕ್ಕಿಂತ ಚಿಕ್ಕದೇನಲ್ಲ, ಒಂದು ಕೊಲೆಯೂ ಅದರಲ್ಲಿದೆ. ಇಬ್ಬರನ್ನೂ ಬೇರೆ ಮಾಡಿದ್ದು ತಪ್ಪೊಪ್ಪಿಗೆಯ ರೀತಿ.

ನಮ್ಮ ಬೈಬಲ್ ಅನುವಾದಗಳು ಇಲ್ಲಿ ಒಂದು ಉಪಕಾರ ಮಾಡಿವೆ. ಹಳೆಯ ಅನುವಾದದಲ್ಲಿ ‘ದೇವರ ಕಡೆಗೆ ತಿರುಗಿಕೊಳ್ಳಿರಿ’ ಎಂದಿದೆ. ಕಥೋಲಿಕ ಸಭೆಯಲ್ಲಿ ಓದುವ ಅನುವಾದದಲ್ಲಿ ಪಾಪಕ್ಕೆ ವಿಮುಖರಾಗಿ ದೇವರಿಗೆ ಅಭಿಮುಖರಾಗಿ ಎಂದಿದೆ. ಎರಡೂ ದೇಹದ ಚಲನೆಯ ಮಾತುಗಳು. ಪ್ರವಾದಿಗಳು ಬಳಸಿದ ಹೀಬ್ರೂ ಪದ ‘ಶೂಬ್’ ಕೂಡ ಹಿಂದಿರುಗು ಎಂದೇ. ಪಶ್ಚಾತ್ತಾಪ ಅಂದರೆ ಆಮೇಲೆ ಹುಟ್ಟುವ ತಾಪ. ಆ ತಾಪ ಬೇಕು, ಆದರೆ ಅಳು ನಿಂತ ಮೇಲೂ ಮುಖ ಹಳೆಯ ದಿಕ್ಕಿಗೇ ಇದ್ದರೆ ತಿರುಗಿದ ಹಾಗಾಗಲಿಲ್ಲ.

ಕಥೋಲಿಕ ಸಂಪ್ರದಾಯದಲ್ಲಿ ಪಶ್ಚಾತ್ತಾಪಿ ಮಾಡಬೇಕಾದದ್ದು ಮೂರು: ಮನಮರುಗುವುದು, ಪಾಪನಿವೇದನೆ ಅಂದರೆ ಗುರುಗಳ ಮುಂದೆ ಪಾಪ ಹೇಳಿಕೊಳ್ಳುವುದು, ಪರಿಹಾರ. 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ ವರ್ಷಕ್ಕೊಮ್ಮೆಯಾದರೂ ನಿವೇದನೆ ಮಾಡಬೇಕೆಂದು ಕಡ್ಡಾಯಗೊಳಿಸಿತು. ಗಂಭೀರ ಪಾಪವಾದರೆ ಯಾವ ಬಗೆಯದು, ಎಷ್ಟು ಸಲ ಎಂದು ಹೇಳಬೇಕು. ‘ಸ್ವಲ್ಪ ಕೋಪ, ಸ್ವಲ್ಪ ಸುಳ್ಳು’ ಅಂದರೆ ಏನನ್ನೂ ಹೇಳಿದಂತಲ್ಲ. ಇನ್ನೊಂದು ಸಾಮಾನ್ಯ ತಪ್ಪು ಗಂಡನದೋ ಅತ್ತೆಯದೋ ಪಾಪ ಹೇಳಿ ಎದ್ದುಬರುವುದು. ಅದು ಕಥೋಲಿಕರದ್ದು, ನಮಗೇಕೆ ಅನ್ನುವ ಪ್ರೊಟೆಸ್ಟೆಂಟರು 1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆಯ 11ನೇ ವಿಧಿಯನ್ನು ನೆನಪಿಸಿಕೊಳ್ಳಬೇಕು. ಸಭೆಗಳಲ್ಲಿ ಖಾಸಗಿ ಪಾಪವಿಮೋಚನೆಯನ್ನು, ಅಂದರೆ ಒಬ್ಬೊಬ್ಬರಿಗೇ ಕ್ಷಮೆ ಸಾರುವುದನ್ನು, ಉಳಿಸಿಕೊಳ್ಳಬೇಕೆಂದು ಲೂಥರನ ಕಡೆಯವರೇ ಅಲ್ಲಿ ಬರೆದಿದ್ದಾರೆ.

ಮೆಥಡಿಸ್ಟ್ ಚಳವಳಿಯ ಜಾನ್ ವೆಸ್ಲಿ 1738ರ ಡಿಸೆಂಬರ್ 25ರಂದು ಬರೆದ ಚಿಕ್ಕ ಗುಂಪುಗಳ ನಿಯಮಾವಳಿಯಲ್ಲಿ ವಾರಕ್ಕೊಮ್ಮೆಯಾದರೂ ಸೇರಬೇಕೆಂದಿದೆ. ಪ್ರತಿ ಸಲ ಕೇಳುವ ಮೊದಲ ಪ್ರಶ್ನೆ, ಕಳೆದ ಭೇಟಿಯ ನಂತರ ನಿನಗೆ ಗೊತ್ತಿದ್ದು ಯಾವ ಪಾಪ ಮಾಡಿದೆ ಎಂಬುದು. ಇಂದು ಇಂಥ ಗುಂಪು ಕಟ್ಟುವುದಾದರೆ ಮೂರು ನಾಲ್ಕು ಜನ ಸಾಕು. ಗಂಡಸರು ಗಂಡಸರ ಜೊತೆ, ಹೆಂಗಸರು ಹೆಂಗಸರ ಜೊತೆ ಇರುವುದು ಒಳ್ಳೆಯದು. ಕೇಳಿದ್ದು ಆ ಕೋಣೆ ದಾಟಬಾರದು. ವಾಟ್ಸ್ಆ್ಯಪ್ ಪ್ರಾರ್ಥನಾ ಗುಂಪಿನಲ್ಲಿ ಮಾತ್ರ ಯಾರ ಪಾಪವನ್ನೂ, ನಿಮ್ಮದನ್ನೂ, ಹಾಕಬೇಡಿ. ಸಂಜೆಯೊಳಗೆ ಅದು ಊರಿನ ಸುದ್ದಿಯಾಗಿರುತ್ತದೆ.

ಇನ್ನು ಬಹಳ ಜನ ಹಾರಿಸಿಬಿಡುವ ಹೆಜ್ಜೆ: ಹಿಂದಿರುಗಿಸುವುದು. ಅರಣ್ಯಕಾಂಡ 5:6-8 ಸ್ಪಷ್ಟವಾಗಿದೆ. ತಪ್ಪನ್ನು ಒಪ್ಪಿಕೊಳ್ಳಬೇಕು, ಪೂರ್ತಿ ಮೊತ್ತ ತಿರುಗಿ ಕೊಡಬೇಕು, ಅದರ ಮೇಲೆ ಐದರಲ್ಲಿ ಒಂದು ಪಾಲು ಸೇರಿಸಬೇಕು, ಅದನ್ನು ನಷ್ಟವಾದವನ ಕೈಗೇ ಕೊಡಬೇಕು. ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಹತ್ತು ಸಾವಿರ ತೆಗೆದಿದ್ದರೆ ಹನ್ನೆರಡು ಸಾವಿರ. ಆ ಹಣವನ್ನು ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಹಾಕಿ ಮನಸ್ಸು ಹಗುರ ಮಾಡಿಕೊಳ್ಳುವವರಿದ್ದಾರೆ. ಅದು ಬೇರೆಯವರ ದುಡ್ಡಿನಲ್ಲಿ ಕಾಣಿಕೆ ಕೊಟ್ಟಂತೆ. ನಷ್ಟವಾದವನು ತೀರಿಹೋಗಿದ್ದರೆ ಹತ್ತಿರದ ಬಂಧುವಿಗೆ, ಅವನೂ ಇಲ್ಲದಿದ್ದರೆ ಮಾತ್ರ ಯಾಜಕನಿಗೆ ಎಂದು ಅದೇ ಭಾಗ ಹೇಳುತ್ತದೆ.

ಗಮನಿಸಿ, ಇದು ತಾನಾಗಿ ಒಪ್ಪಿಕೊಂಡವನ ಲೆಕ್ಕ. ಸಿಕ್ಕಿಬಿದ್ದ ಕಳ್ಳನಿಗೆ ವಿಮೋಚನಕಾಂಡ 22ರ ಲೆಕ್ಕ: ಕದ್ದ ಪ್ರಾಣಿ ಜೀವಂತ ಸಿಕ್ಕರೆ ಎರಡರಷ್ಟು, ಕೊಂದೋ ಮಾರಿಯೋ ಇದ್ದರೆ ಕುರಿಗೆ ನಾಲ್ಕು, ಎತ್ತಿಗೆ ಐದು. ಇದನ್ನು ತಿಳಿದು ಲೂಕ 19ಕ್ಕೆ ಬಂದರೆ ಯೆರಿಕೋವಿನ ಸುಂಕ ವಸೂಲಿಗಾರ ಜಕ್ಕಾಯ ಬೇರೆಯೇ ಕಾಣುತ್ತಾನೆ. ಅವನನ್ನು ಯಾರೂ ಹಿಡಿದಿರಲಿಲ್ಲ. ಮೊತ್ತದ ಮೇಲೆ ಐದರಲ್ಲೊಂದು ಪಾಲು ಕೊಟ್ಟಿದ್ದರೆ ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಸಾಕಿತ್ತು. ಅವನು ನಾಲ್ಕರಷ್ಟು ಅಂದ, ಸಿಕ್ಕಿಬಿದ್ದ ಕುರಿಗಳ್ಳನ ದಂಡವನ್ನು ತಾನೇ ಹಾಕಿಕೊಂಡ. ಅದಕ್ಕೂ ಮೊದಲು ಅರ್ಧ ಆಸ್ತಿ ಬಡವರಿಗೆ. ಆದರೆ ಕ್ರಮ ಮರೆಯಬಾರದು. ಯೇಸು ‘ಈ ದಿನ ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು’ ಅಂದದ್ದು ಜಕ್ಕಾಯ ಒಂದು ಕಾಸೂ ಕೊಡುವ ಮೊದಲು. ಕೃಪೆ ಮುಂಚೆ ಬಂತು, ಲೆಕ್ಕಪತ್ರ ಅದರ ಹಿಂದೆ ಬಂತು.

ಹಿಂದಿರುಗಿಸಿದರಷ್ಟೇ ಸಾಲದು ಎಂಬುದಕ್ಕೆ ಯೇಸುವನ್ನು ಹಿಡಿದುಕೊಟ್ಟ ಯೂದನಿದ್ದಾನೆ. ‘ನಿರಪರಾಧಿಯನ್ನು ಹಿಡಿದುಕೊಟ್ಟು ಪಾಪಮಾಡಿದೆ’ ಎಂದು ನೇರವಾಗಿಯೇ ಹೇಳಿದ, ಮೂವತ್ತು ಬೆಳ್ಳಿ ನಾಣ್ಯವನ್ನೂ ವಾಪಸು ತಂದ. ಆದರೆ ಹೋದದ್ದು ‘ಅದು ನಮಗೇನು’ ಅನ್ನುವ ಯಾಜಕರ ಬಳಿಗೆ. ಯೇಸುವನ್ನು ಅರಿಯೆನೆಂದು ಅಲ್ಲಗಳೆದ ಪೇತ್ರ ಅತ್ತು, ಉಳಿದವರ ಜೊತೆಯಲ್ಲೇ ಉಳಿದ. ಒಂದೇ ಪಾಪವನ್ನು ಹತ್ತು ಸಲ ನಿವೇದಿಸಿದರೂ ನೆಮ್ಮದಿ ಸಿಗದವರು, ಬದುಕೇ ಬೇಡ ಅನ್ನಿಸುವವರು, ಒಬ್ಬರೇ ಕೊರಗದೆ ಇಂದೇ ನಂಬಿಕೆಯ ಗುರುಗಳನ್ನು ಕಾಣಬೇಕು, ಬೇಕಾದರೆ ವೈದ್ಯರನ್ನೂ.

ಕ್ಷಮೆ ಕೇಳುವ ವಾಕ್ಯವನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ‘ನಿಮಗೆ ಬೇಜಾರಾಗಿದ್ದರೆ ಕ್ಷಮಿಸಿ’ ಎಂಬುದರಲ್ಲಿ ತಪ್ಪು ಎದುರಿನವರ ಬೇಜಾರಿನದ್ದಾಗುತ್ತದೆ. ಬದಲಿಗೆ ಹೀಗೆ ಬರೆಯಿರಿ: ‘ಜಮೀನಿನ ವಿಷಯದಲ್ಲಿ ನಿಮ್ಮ ಬಗ್ಗೆ ಅಣ್ಣನ ಹತ್ತಿರ ಸುಳ್ಳು ಹೇಳಿದೆ. ಅದರಿಂದ ನಿಮ್ಮಿಬ್ಬರ ಮಾತು ನಿಂತಿತು. ಅಣ್ಣನಿಗೆ ನಾಳೆ ಸತ್ಯ ಹೇಳುತ್ತೇನೆ.’ ಬರೆದ ಮೇಲೆ ‘ಆದರೆ’, ‘ಏನೋ ಆ ಹೊತ್ತಿನಲ್ಲಿ’ ಇದ್ದರೆ ಹೊಡೆದುಹಾಕಿ. ಮತ್ತಾಯ 5:23-24 ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಅನ್ನುತ್ತದೆ. ಯೇಸು ಈ ಮಾತು ಹೇಳಿದ್ದು ಗಲಿಲಾಯದಲ್ಲಿ, ಯಜ್ಞವೇದಿ ಇದ್ದದ್ದು ಜೆರುಸಲೇಮಿನಲ್ಲಿ, ನಡುವೆ ಹಲವು ದಿನದ ನಡಿಗೆ. ಒಂದು ಫೋನ್ ಕರೆಗೆ ನಾವು ವರ್ಷಗಟ್ಟಲೆ ತಡಮಾಡುತ್ತೇವೆ.

ಎಲ್ಲವನ್ನೂ ಎಲ್ಲರಿಗೂ ಹೇಳಬೇಕಿಲ್ಲ. ಹೇಳಿದ್ದರಿಂದ ಮೂರನೆಯವರ ಬದುಕು ಒಡೆಯುವಂತಿದ್ದರೆ ಮೊದಲು ಗುರುಗಳ ಸಲಹೆ ಪಡೆಯಿರಿ. ಆದರೆ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ಸಭೆಯೊಳಗೆ ಮುಗಿಸುವ ವಿಷಯವಲ್ಲ. ತಿಳಿದವರು ಪೊಲೀಸರಿಗೆ ತಿಳಿಸಬೇಕೆಂದು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಹೇಳುತ್ತದೆ. ಅಂಥ ಕಡೆ ‘ಅವನು ಪಶ್ಚಾತ್ತಾಪ ಪಟ್ಟಿದ್ದಾನೆ, ನೀವು ಕ್ಷಮಿಸಿ’ ಎಂದು ನೊಂದವರ ಮೇಲೆ ಒತ್ತಡ ಹಾಕುವುದು ಇನ್ನೊಂದು ಪಾಪ. ಕ್ಷಮೆ ಅವರದು, ಅದರ ಸಮಯವೂ ಅವರದು.

ಹಣ ಹಿಡಿದು ಹೋದಾಗ ನಷ್ಟವಾದವರು ಎಣಿಸಿಕೊಂಡು, ಮಾತಾಡದೆ ಬಾಗಿಲು ಹಾಕಿಕೊಳ್ಳಬಹುದು. ಹಾಕಿಕೊಳ್ಳಲಿ. ಮತ್ತೆ ಬಾಗಿಲು ಬಡಿದು, ಕ್ಷಮಿಸಿದ್ದೇನೆ ಅನ್ನಿ ಎಂದು ಕೇಳಬೇಡಿ.